ಒಂದು ಡಿ ಕಡಿಮೆ

ಜೂನ್ ೨, ಸೋಮವಾರ

ಸಂಜೆ ಆರೂವರೆ. ಇವತ್ತು ಚುಕ್ಕಿಯಕ್ಕನ ಜೊತೆ ಇಪ್ಪತ್ತೆರಡು ಹಾಳೆ ಮುಗಿಯಿತು, ನಾಲ್ಕು ತಪ್ಪು ಸಿಕ್ಕಿದವು, ಮಧ್ಯಾಹ್ನ ವ್ಯವಸ್ಥಾಪಕರು ಕರೆಸಿದರು.

ಬರೆಯುವುದು ನನಗೆ ಅಭ್ಯಾಸವಿಲ್ಲ. ಬೇರೆಯವರು ಬರೆದದ್ದನ್ನು ನೋಡುವುದೇ ನನ್ನ ಕೆಲಸ. ನಮ್ಮದು ಕಣ್ಣು ಕಾಣದವರಿಗೆ ಪುಸ್ತಕ ಮಾಡಿ ಕಳಿಸುವ ಮುದ್ರಣಾಲಯ. ಚುಕ್ಕಿಯಕ್ಕ ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸಿ ಗಟ್ಟಿಯಾಗಿ ಓದುತ್ತಾಳೆ. ನಾನು ಎದುರು ಕೂತು ಅಚ್ಚಿನ ಪುಸ್ತಕದ ಮೇಲೆ ಕಣ್ಣಾಡಿಸುತ್ತೇನೆ. ಅವಳು ಓದಿದ್ದಕ್ಕೂ ನಾನು ನೋಡಿದ್ದಕ್ಕೂ ವ್ಯತ್ಯಾಸ ಬಂದಲ್ಲಿ ಕೆಂಪು ಗೆರೆ. ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆ ‘ಮೂಲ ಹಿಡಿಯುವವರು’. ಹತ್ತನೇ ಕ್ಲಾಸು ಓದಿದವಳನ್ನು ಇಪ್ಪತ್ತೊಂದು ವರ್ಷ ಸಾಕಿದ ಹುದ್ದೆ. ಈ ನೋಟ್‌ಬುಕ್ ಕೊಟ್ಟವಳೂ ಹುಟ್ಟಿದಾಗಿನಿಂದ ಕಣ್ಣು ಕಾಣದ ಚುಕ್ಕಿಯಕ್ಕನೇ. “ನೀನು ಮಾತೂ ಆಡಲ್ಲ, ಅಳೋದೂ ಇಲ್ಲ. ಬರೀಬಹುದು ತಾನೇ? ನಾನಂತೂ ಕದ್ದು ಓದಲ್ಲ” ಎಂದಳು.

ನಮ್ಮ ಯಜಮಾನರು, ಇವರು, ಹೋಗಿ ಮೂರು ತಿಂಗಳಾಯಿತು. ಇದೇ ಕಟ್ಟಡದ ಕೆಳಗಿನ ರವಾನೆ ಕೋಣೆಯ ಆರು ಕಂಪ್ಯೂಟರುಗಳು ಇವರ ಕೈಯಲ್ಲಿದ್ದವು. ಓದುಗರ ಹೆಸರು, ವಿಳಾಸ, ಯಾರಿಗೆ ಮುಂದೆ ಯಾವ ಪುಸ್ತಕ ಎಂಬುದೆಲ್ಲ ದೂರದ ಕೇಂದ್ರ ಡಿಪೋದಲ್ಲಿರುತ್ತದೆ. ನಮ್ಮ ಯಂತ್ರ ಅಲ್ಲಿಯ ವೆಬ್ ಸರ್ವಿಸನ್ನು ಕೇಳುತ್ತದೆ, ಅದು ಹೇಳುತ್ತದೆ, ಚೀಟಿ ಅಚ್ಚಾಗುತ್ತದೆ, ಚೀಲಕ್ಕೆ ಅಂಟಿಸಿ ಅಂಚೆಗೆ ಹಾಕುತ್ತಾರೆ.

ವ್ಯವಸ್ಥಾಪಕರು ಒಂದು ಸುತ್ತೋಲೆ ಓದಿದರು. ಚುಕ್ಕಿಯಕ್ಕ ಅವರನ್ನು ‘ಸುತ್ತೋಲೆ’ ಎಂದೇ ಕರೆಯುವುದು, ಮುಖದ ಮುಂದೆ ಮಾತ್ರ ಸಾಹೇಬರು. ಜೂನ್ ಮೂವತ್ತರ ಸಂಜೆ ಐದಕ್ಕೆ ಡಿಪೋದವರು ಹಳೆಯ ಸರ್ವಿಸನ್ನು ಮುಚ್ಚುತ್ತಾರಂತೆ. ಹೊಸದನ್ನು ಕೇಳಲು ನಮ್ಮ ಯಂತ್ರಗಳಿಗೆ ಹೊಸ ಕೋಡು ಬೇಕು. ಆಗದಿದ್ದರೆ ರವಾನೆಯನ್ನೇ ಡಿಪೋಗೆ ಒಪ್ಪಿಸಬೇಕು. ಒಪ್ಪಿಗೆ ಪತ್ರ ಈಗಾಗಲೇ ತಯಾರಿದೆ, ಇಪ್ಪತ್ತನಾಲ್ಕಕ್ಕೆ ಹೋಗಬೇಕು. ಡಿಪೋದಿಂದ ಒಂದು ಪುಸ್ತಕ ಬರಲು ನಾಲ್ಕು ತಿಂಗಳು. ನಮ್ಮಿಂದ ಆದರೆ ಒಂದು ವಾರ. ಮುನ್ನೂರ ನಲವತ್ತೆರಡು ಜನ ಓದುಗರು.

“ಇದನ್ನೆಲ್ಲ ಮಾಡೋ ಮನುಷ್ಯ...” ಎಂದು ವ್ಯವಸ್ಥಾಪಕರು ಅರ್ಧಕ್ಕೇ ನಿಲ್ಲಿಸಿ ಮೇಜಿನ ಗಾಜು ಒರೆಸಿದರು. ಅವರ ಸಂಕೋಚ ನೋಡಿ ನನಗೇ ಪಾಪ ಅನ್ನಿಸಿತು.

“ನಾನು ನೋಡ್ತೀನಿ ಸರ್” ಎಂದು ಬಾಯಿಂದ ಬಂದುಬಿಟ್ಟಿತು. ನೋಡುವುದಕ್ಕೆ ನನಗೇನು ಗೊತ್ತು? ಇವರು ಊಟದ ಹೊತ್ತಿನಲ್ಲಿ ಹೇಳುತ್ತಾ ಹೋಗುವುದು, ನಾನು ಹೂಂಗುಟ್ಟುವುದು, ಅಷ್ಟೇ. ಆದರೂ ವ್ಯವಸ್ಥಾಪಕರು ನಗದೆ “ಆಗಲಿ” ಎಂದರು. ದೊಡ್ಡ ಮನಸ್ಸು.


ಜೂನ್ ೩, ಮಂಗಳವಾರ

ಊಟದ ವಿರಾಮದಲ್ಲಿ ರವಾನೆ ಕೋಣೆಗೆ ಹೋದೆ. ಮೂರು ತಿಂಗಳಲ್ಲಿ ಮೊದಲ ಸಲ. ಕ್ಯಾನ್ವಾಸ್ ಚೀಲಗಳ ರಾಶಿ, ಅಂಟಿನ ವಾಸನೆ, ಗೋಡೆಗುಂಟ ಆರು ಯಂತ್ರ. ಇವರ ಕುರ್ಚಿಯ ದಿಂಬು ಒಂದು ಪಕ್ಕಕ್ಕೆ ಒತ್ತಿಕೊಂಡೇ ಇದೆ. ಎಡಕ್ಕೆ ವಾಲಿ ಕೂರುವುದು ಇವರ ಅಭ್ಯಾಸ. ನಾನು ನಿಂತುಕೊಂಡೇ ಡಿಪೋಗೆ ಫೋನು ಮಾಡಿದೆ.

ಇಪ್ಪತ್ತು ನಿಮಿಷ ಒಂದೇ ಸಂಗೀತ. ಆಮೇಲೆ ಒಬ್ಬಾಕೆ ಸಿಕ್ಕಳು. ಆತುರದ ಧ್ವನಿ.

“ಹೊಸ ವಿವರಣೆ ಫೈಲ್ ಕಳಿಸಿದೀವಲ್ಲ? ಏನು ಕೇಳಿದ್ರೆ ಏನು ಕೊಡ್ತೀವಿ ಅಂತ ಅದರಲ್ಲೇ ಇದೆ. ಅದನ್ನ ಟೂಲ್‌ಗೆ ಕೊಡಿ, ಕೇಳೋ ಕೋಡ್ ಅದೇ ಬರ್ಕೊಡುತ್ತೆ. ಕಂಪೈಲ್ ಮಾಡಿ, ಹಾಕಿ. ಮುಗೀತು.”

“ಕಂಪೈಲ್ ಅಂದ್ರೆ?”

ಆ ಕಡೆ ಒಂದು ಉಸಿರು. “ಕಂಪೈಲರ್ ಇದೆಯಾ ನಿಮ್ಮ ಮಷೀನಲ್ಲಿ?”

ಯಂತ್ರದ ಬೆನ್ನಿಗೆ ಹಚ್ಚಿದ ಕಾಗದದ ಮೊಹರನ್ನು ಓದಿ ಹೇಳಿದೆ: ಪ್ರೋಗ್ರಾಂ ತಯಾರಿಸುವ ಯಾವ ಸಲಕರಣೆಯೂ ಈ ಯಂತ್ರದಲ್ಲಿ ಇರತಕ್ಕದ್ದಲ್ಲ. ಜನರ ವಿಳಾಸ ಇಟ್ಟುಕೊಳ್ಳುವ ಯಂತ್ರಗಳಿಗೆಲ್ಲ ಅದೇ ನಿಯಮ. ಇವರು ಆಫೀಸಿನ ಲ್ಯಾಪ್‌ಟಾಪಿನಲ್ಲಿ ತಯಾರಿಸಿ ತಂದು ಹಾಕುತ್ತಿದ್ದರು. ಅದನ್ನು ಏಪ್ರಿಲ್‌ನಲ್ಲೇ ವಾಪಸು ಪಡೆದು, ಪೂರ್ತಿ ಅಳಿಸಿ, ಬೇರೆ ಶಾಖೆಗೆ ಕೊಟ್ಟಿದ್ದಾರೆ.

“ಹಾಗಾದ್ರೆ ಕಷ್ಟ ಮೇಡಂ” ಎಂದಳು ಆಕೆ. ಅಷ್ಟು ಹೊತ್ತು ಮಾತಾಡಿದ್ದೇ ಹೆಚ್ಚು.


ಜೂನ್ ೫, ಗುರುವಾರ

ಅತ್ತೆ ಅಡುಗೆಮನೆಯ ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದರು. “ಆ ಡಬ್ಬಗಳು ಏನಂತವೆ?” ಎಂದು ಕೇಳಿದರು. ಅವರ ಮಗ ಇದ್ದಾಗಲೂ ದಿನಾ ಇದೇ ಪ್ರಶ್ನೆ.

ನನಗೆ ಅರ್ಥವಾದಷ್ಟು ಹೇಳಿದೆ. ಟೂಲು ಬರೆದುಕೊಡುವ ಕೋಡನ್ನು ಯಂತ್ರ ಹಾಗೇ ನುಂಗುವುದಿಲ್ಲ, ಕಂಪೈಲರ್ ಎಂಬುದು ಅದನ್ನು ನುಣ್ಣಗೆ ಮಾಡಿಕೊಡಬೇಕು, ಅದು ನಮ್ಮಲ್ಲಿಲ್ಲ.

“ಕಾಳಿದೆ, ಗಿರಣಿ ಇಲ್ಲ ಅನ್ನು.”

“ಹೂಂ.”

“ಹಲ್ಲಿರೋ ಯಂತ್ರ ಯಾವ್ದೂ ಇಲ್ವಾ? ಕಾಳನ್ನೇ ಅಗಿಯೋದು?” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಅವರ ಬಾಯಲ್ಲಿರುವುದು ಆರೇ ಹಲ್ಲು. ಎಷ್ಟು ದಿನವಾಗಿತ್ತು ಆ ನಗು ಕೇಳಿ.

ಅಷ್ಟರಲ್ಲಿ ಫೋನು. ಡಿಪೋದಾಕೆ, ತಾನಾಗಿಯೇ ಮಾಡಿದ್ದಳು.

“ಮೇಡಂ, ಮೊನ್ನೆ ನೀವು ಯಾವ ಶಾಖೆ ಅಂದ್ರಿ? ಅಲ್ಲಿ ಒಬ್ರು ಸರ್ ಇರ್ತಿದ್ರಲ್ಲ, ಮೆಲ್ಲಗೆ ಮಾತಾಡೋರು...”

“ನಾನು ಅವರ ಹೆಂಡತಿ.”

“ಸರ್ ಹೇಗಿದಾರೆ?” ಎಂದಳು. ಯಾರೂ ಆಕೆಗೆ ತಿಳಿಸಿರಲಿಲ್ಲ. ನಾನೇ ಹೇಳಿದೆ. “ಹನ್ನೊಂದು ವರ್ಷ ಮಾತಾಡಿದೀನಿ. ಮುಖ ನೋಡಿಲ್ಲ” ಎಂದಳು. ಮೂಗು ಒರೆಸಿಕೊಂಡಿದ್ದು ಕೇಳಿಸಿತು. ಆಮೇಲೆ ಬೇರೆಯೇ ಧ್ವನಿಯಲ್ಲಿ, “ಒಂದು ದಾರಿ ಇದೆ. ನಿಮ್ಮ ಮಷೀನುಗಳಲ್ಲಿ ಕಂಪೈಲರ್ ಇಲ್ದಿದ್ರೂ ಸ್ಕ್ರಿಪ್ಟ್ ಓದೋ ಪ್ರೋಗ್ರಾಂ ಮೊದಲಿಂದ್ಲೂ ಇರುತ್ತೆ. ಸ್ಕ್ರಿಪ್ಟನ್ನ ಕಂಪೈಲ್ ಮಾಡಬೇಕಾಗಿಲ್ಲ, ಬರೆದಿದ್ದನ್ನ ಬರೆದ ಹಾಗೇ ಸಾಲುಸಾಲಾಗಿ ಓದ್ಕೊಂಡು ಹೋಗುತ್ತೆ. ಸ್ಕ್ರಿಪ್ಟಲ್ಲೇ ಕೋಡ್ ಬರ್ಕೊಡೋ ಟೂಲ್ ಕಳಿಸ್ತೀನಿ.”

ಫೋನಿಟ್ಟು ಅತ್ತೆಗೆ ಹೇಳಿದೆ, ಹಲ್ಲಿರುವ ಯಂತ್ರ ಇದೆಯಂತೆ ಎಂದು. “ನನ್ನ ಕೇಳಿದ್ರೆ ಮೊನ್ನೇನೇ ಹೇಳ್ತಿದ್ದೆ” ಎಂದರು.

ಆ ಡಿಪೋದಾಕೆಯ ಹೊಟ್ಟೆ ತಣ್ಣಗಿರಲಿ.


ಜೂನ್ ೯, ಸೋಮವಾರ

ಟೂಲು ಹಾಕಲು ಇವತ್ತು ಯಂತ್ರದ ಮೊಹರು ಒಡೆದಾಯಿತು. ಅದಕ್ಕೆ ಮೂರು ನಮೂನೆ ತುಂಬಬೇಕಾಯಿತು. ಸ್ಕ್ರಿಪ್ಟ್ ಓದುವ ಪ್ರೋಗ್ರಾಂ ‘ತಯಾರಿಸುವ’ ಸಲಕರಣೆಯೋ ‘ಓದುವ’ ಸಲಕರಣೆಯೋ ಎಂದು ವ್ಯವಸ್ಥಾಪಕರು ಬೆಳಗ್ಗೆಯೆಲ್ಲ ತಲೆ ಕೆಡಿಸಿಕೊಂಡು, ಕೊನೆಗೆ ‘ಓದುವ’ ಎಂದು ಕಡತದಲ್ಲಿ ಟಿಪ್ಪಣಿ ಬರೆದು ಸಹಿ ಹಾಕಿದರು. ಕೆಳಗೆ ಇಬ್ಬರು ಸಾಕ್ಷಿ ಬೇಕು. ಒಬ್ಬಳು ನಾನು.

“ನಾನು ಹಾಕ್ತೀನಿ” ಎಂದಳು ಚುಕ್ಕಿಯಕ್ಕ.

“ನೀವಾ?” ಎಂದರು ವ್ಯವಸ್ಥಾಪಕರು.

“ಯಾಕೆ ಸಾಹೇಬ್ರೆ? ಮೊಹರು ಒಡೆದದ್ದನ್ನ ಕಣ್ಣಾರೆ ಕಂಡೆ ಅಂತ ಬರೀರಿ, ಹೆಬ್ಬೆಟ್ಟು ಒತ್ತೀನಿ. ಕಾಗದ ಹರಿದ ಸದ್ದು ನಿಮಗಿಂತ ಮೊದಲು ಕೇಳಿದೋಳು ನಾನು.”

ವ್ಯವಸ್ಥಾಪಕರು ‘ಕಣ್ಣಾರೆ’ ಹೊಡೆದುಹಾಕಿ ‘ಕಿವಿಯಾರೆ’ ಎಂದು ಬರೆದರು. ಅವರಿಗೆ ತಮಾಷೆ ಬರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಡಿಪೋದಾಕೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದಳು, ನಾನು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಟೂಲು ವಿವರಣೆ ಓದಿ ಸಾವಿರದ ನೂರು ಸಾಲು ಬರೆದು ಮುಂದಿಟ್ಟಿತು. ಇದೇನು ಇಷ್ಟು ಬೇಗ ಎಂದರೆ, “ಬರೆಯೋದು ಸುಲಭ ಮೇಡಂ” ಎಂದಳು.

ಇವರ ಕುರ್ಚಿಯಲ್ಲಿ ಕೂರಲಿಲ್ಲ. ಸ್ಟೂಲ್ ತಂದುಕೊಂಡೆ.


ಜೂನ್ ೧೨, ಗುರುವಾರ

ಮೂರು ದಿನದಿಂದ ಆ ಸಾವಿರದ ನೂರು ಸಾಲನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು, ಕೆಂಪು ಪೆನ್ನು ಹಿಡಿದು ಓದುತ್ತಿದ್ದೇನೆ. ಓದದೆ ಯಾವುದನ್ನೂ ಹೊರಗೆ ಬಿಟ್ಟವಳಲ್ಲ ನಾನು. ಅರ್ಥ ಆಗುವುದಿಲ್ಲ, ಆದರೆ ಪದ ಗೊತ್ತಾಗುತ್ತದೆ. ಹೆಸರು. ಪುಸ್ತಕ. ಸಂಪುಟ. ಎಲ್ಲ ಇಂಗ್ಲಿಷಿನಲ್ಲಿ. ಎಲ್ಲಕ್ಕಿಂತ ಮೇಲೆ ‘ಇದು ಟೂಲು ಬರೆದದ್ದು, ಕೈಯಿಂದ ಬದಲಿಸಬೇಡಿ’ ಎಂಬ ಸಾಲಿದೆ. ಮುಟ್ಟಬೇಡಿ, ಒರಗಬೇಡಿ ಎಂಬ ಬೋರ್ಡು ಎಲ್ಲ ಕಡೆಯೂ ಇರುತ್ತದೆ.

ನಾನೂರ ಹನ್ನೆರಡನೇ ಸಾಲಿನಲ್ಲಿ ಸಿಕ್ಕಿತು. ಅಡ್ರೆಸ್ ಎಂಬ ಪದಕ್ಕೆ ಎರಡು ಡಿ ಇರಬೇಕು, ಒಂದೇ ಇದೆ. ನನಗೆ ಬರುವ ಇಂಗ್ಲಿಷು ಎಷ್ಟು ಸ್ವಲ್ಪವೋ ಅಷ್ಟನ್ನು ಟೀಚರು ಬೆರಳ ಗಿಣ್ಣಿಗೆ ಹೊಡೆದು ಕಲಿಸಿದ್ದಾರೆ, ಅದರಲ್ಲಿ ಈ ಎರಡು ಡಿ ಒಂದು. ವಿವರಣೆ ಫೈಲನ್ನು ತೆಗೆದು ನೋಡಿದರೆ ಅಲ್ಲೂ ಒಂದೇ. ಡಿಪೋದವರೇ ತಪ್ಪು ಬರೆದಿದ್ದಾರೆ, ಟೂಲು ಪಾಪ ನಕಲು ಮಾಡಿದೆ. ಒಟ್ಟು ಹನ್ನೊಂದು ಕಡೆ. ಹನ್ನೊಂದೂ ಕಡೆ ಯಂತ್ರದಲ್ಲಿ ತಿದ್ದಿದೆ.

ಚುಕ್ಕಿಯಕ್ಕನಿಗೆ ಒಂದು ಪದ ತಪ್ಪಿತ್ತು, ಸರಿಮಾಡಿದೆ ಎಂದೆ. “ಯಂತ್ರಕ್ಕೂ ಕಾಗುಣಿತ ಕಲಿಸಿದ್ಯಾ? ಪುಣ್ಯಾತಿಗಿತ್ತಿ” ಎಂದಳು.

ಏನೋ ಒಂದು ಹಗುರ. ಮನೆಗೆ ಬಂದು ಎರಡು ಸಲ ಬಡಿಸಿಕೊಂಡೆ. ಅತ್ತೆ ನೋಡಿಯೂ ನೋಡದ ಹಾಗೆ ಪಾತ್ರೆಯನ್ನು ನನ್ನ ಕಡೆ ಸರಿಸಿದರು.


ಜೂನ್ ೧೬, ಸೋಮವಾರ

ಓಡಿಸಿ ನೋಡಿದೆವು. ಯಂತ್ರ ಕೇಳಿತು, ಡಿಪೋ ಹೇಳಿತು, ಚೀಟಿ ಬಂತು. ಹೆಸರು ಬಂತು, ಪುಸ್ತಕ ಬಂತು, ಸಂಪುಟದ ಸಂಖ್ಯೆ ಬಂತು. ವಿಳಾಸದ ಜಾಗ ಖಾಲಿ.

ಆರೂ ಯಂತ್ರದಲ್ಲಿ ಹಾಗೇ. ತಪ್ಪು ಎಂದು ಯಂತ್ರ ಎಲ್ಲೂ ಹೇಳುವುದಿಲ್ಲ. ಬಿಳಿ ಜಾಗ ಬಿಟ್ಟು ಸುಮ್ಮನಿದೆ.

ನನ್ನ ಲೆಕ್ಕ ಇಷ್ಟೇ: ಡಿಪೋದವರಿಗೆ ಆ ಪದವೇ ಸರಿಯಾಗಿ ಬರೆಯಲು ಬರುವುದಿಲ್ಲ, ಅಲ್ಲೇ ಎಲ್ಲೋ ಕೆಟ್ಟಿದೆ. ಫೋನು ಮಾಡಿದರೆ ಡಿಪೋದಾಕೆ ತಂಗಿಯ ಹೆರಿಗೆಗೆಂದು ಇಪ್ಪತ್ತಾರರವರೆಗೆ ರಜೆ. ಆಕೆಗೆ ಒಂದು ಸಂದೇಶ ಬರೆದಿಟ್ಟೆ. ದಯವಿಟ್ಟು ನಿಮ್ಮ ಕಡೆಯ ಕಾಗುಣಿತ ಸರಿಮಾಡಿಕೊಳ್ಳಿ, ನಮ್ಮ ಕಡೆ ಸರಿಮಾಡಿಕೊಂಡಿದ್ದೇವೆ ಎಂದು. ಮರ್ಯಾದೆಯಿಂದಲೇ ಬರೆದೆ.


ಜೂನ್ ೧೭, ಮಂಗಳವಾರ

ಇವತ್ತೂ ಖಾಲಿ.


ಜೂನ್ ೧೯, ಗುರುವಾರ

ರಜೆಯಲ್ಲಿರುವ ಆಕೆಯ ಬದಲಿಗೆ ಬಂದ ಗಂಡಸು “ಕಂಪೈಲರ್ ಹಾಕ್ಕೊಳ್ಳಿ” ಎಂದು ಫೋನು ಇಟ್ಟುಬಿಟ್ಟ. ವ್ಯವಸ್ಥಾಪಕರು ಎರಡು ಸಲ ನಮ್ಮ ಕೋಣೆಯ ಬಾಗಿಲವರೆಗೂ ಬಂದು, ಏನೂ ಕೇಳದೆ ಹೋದರು. ಒಪ್ಪಿಗೆ ಪತ್ರ ಕಳಿಸಲು ಇನ್ನು ಐದು ದಿನ.

ಮಧ್ಯಾಹ್ನ ಒಬ್ಬ ಓದುಗರ ಫೋನು. ರೈಲು ಓಡಿಸಿ ನಿವೃತ್ತರಾದವರು, ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಗಿ ಎಪ್ಪತ್ತನೇ ವಯಸ್ಸಿನಲ್ಲಿ ಬ್ರೈಲ್ ಕಲಿತವರು. ನಾವು ಅವರನ್ನು ರೈಲು ತಾತ ಎನ್ನುತ್ತೇವೆ.

“ಎರಡನೇ ಸಂಪುಟ ಮುಗಿಸಿದೆ ಕಣಮ್ಮ. ಆ ಹೆಂಗಸನ್ನ ನಡುನೀರಲ್ಲಿ ದೋಣಿ ಮೇಲೆ ಬಿಟ್ಟು ಮುಗಿಸಿದಾನೆ ಪಾಪಿ. ಮೂರನೇದು ಯಾವಾಗ?”

“ಪುಸ್ತಕದ ಹೊಲಿಗೆ ಜುಲೈ ಮೊದಲನೇ ವಾರ ಮುಗಿಯುತ್ತೆ ತಾತ.”

“ನೀನೇ ಅಲ್ವಾ ಅದರ ಮೂಲ ಹಿಡಿದಿದ್ದು? ಹಾಗಾದ್ರೆ ನಿಂಗೊತ್ತು, ಬದುಕಿದ್ಲಾ ಮುಳುಗಿದ್ಲಾ.”

“ಗೊತ್ತು.”

“ಹೇಳಬೇಡ! ಹೇಳಬೇಡ, ಕಳಿಸು. ಡಿಪೋಗೆ ಹೋಗುತ್ತೆ, ನಾಲ್ಕು ತಿಂಗಳು ಅಂತ ಯಾರೋ ಅಂದ್ರು. ನಾಲ್ಕು ತಿಂಗಳು ಅಂದ್ರೆ ನನ್ನ ಗಾಡಿಗೆ ಗ್ಯಾರಂಟಿ ಇಲ್ಲ ಮತ್ತೆ.”

ಫೋನಿಟ್ಟು ಅವರ ಹೆಸರು ಕೊಟ್ಟು ಚೀಟಿ ತೆಗೆದೆ. ಹೆಸರಿದೆ, ಕಳಿಸಬೇಕಾದ ಪುಸ್ತಕ ಇದೆ, ಎಲ್ಲಿಗೆ ಎಂಬುದಿಲ್ಲ. ಆ ಚೀಟಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ಇವರು ಇದ್ದಿದ್ದರೆ ಎಂದು ಯೋಚಿಸಬಾರದೆಂದು ದಿನವೂ ಅಂದುಕೊಳ್ಳುತ್ತೇನೆ.

ಚುಕ್ಕಿಯಕ್ಕ ಕೋಲು ತಟ್ಟುತ್ತಾ ಮೆಟ್ಟಿಲಿಳಿದು ಬಂದಳು. ನನ್ನ ಉಸಿರು ಕೇಳಿಯೇ ಗೊತ್ತಾಗಿರಬೇಕು. ಪಕ್ಕದಲ್ಲಿ ಚೀಲದ ಮೇಲೆ ಕೂತು, “ನೀನೊಬ್ಳೇ ಓದಿದೀಯ. ಒಬ್ಬಳೇ ಓದಿದ್ದು ಓದಾ? ನಂಗೆ ಕೊಡು ಅದನ್ನ” ಎಂದಳು.

“ಇಂಗ್ಲಿಷು ಅಕ್ಕ. ಅರ್ಥ ಆಗಲ್ಲ.”

“ನಿಂಗಾಯ್ತಾ?”

ಅದೂ ನಿಜ.


ಜೂನ್ ೨೦, ಶುಕ್ರವಾರ

ಯಂತ್ರದಲ್ಲಿದ್ದ ಕೋಡನ್ನೆಲ್ಲ ಚುಕ್ಕಿ ಒತ್ತುವ ಯಂತ್ರಕ್ಕೆ ಕೊಟ್ಟೆವು. ತೊಂಬತ್ತಾರು ಹಾಳೆ. ಕಾಗದ ದಪ್ಪ, ಲೆಕ್ಕ ಹಾಕಿ ಕೊಡುವಂಥದ್ದು. ವ್ಯವಸ್ಥಾಪಕರು ‘ಪ್ರಯೋಗಾರ್ಥ’ ಎಂದು ಬರೆದು ಕೊಡಿಸಿದರು. ಮುದ್ರಣ ಕೋಣೆಯವರು ತಮ್ಮ ಕೆಲಸ ನಿಲ್ಲಿಸಿ ಮೊದಲು ನಮ್ಮದು ಮಾಡಿದರು. ನಾನು ಯಾರನ್ನೂ ಕೇಳಿರಲಿಲ್ಲ.


ಜೂನ್ ೨೩, ಸೋಮವಾರ

ಸಂಜೆ ಏಳು. ಕೈಯಲ್ಲಿ ಇನ್ನೂ ಕೆಂಪು ಶಾಯಿ ಇದೆ. ಇವತ್ತಿನದನ್ನು ಪೂರ್ತಿ ಬರೆಯಬೇಕು.

ರವಾನೆ ಕೋಣೆಯಲ್ಲೇ ಕೂತೆವು. ಚುಕ್ಕಿಯಕ್ಕನಿಗೆ ಮೇಜು, ತೊಂಬತ್ತಾರು ಹಾಳೆ. ನನಗೆ ತೆರೆಯ ಮೇಲೆ ಡಿಪೋದವರ ವಿವರಣೆ ಫೈಲು. “ನೀನು ತಿದ್ದಿದ ಕಾಗದ ನೋಡಬೇಡ. ಮೂಲ ಹಿಡ್ಕೊ” ಎಂದಳು. ತೆರೆ ಕಾಣುವುದು ಆ ಕುರ್ಚಿಯಿಂದ ಮಾತ್ರ, ಅದಕ್ಕೇ ಅದರಲ್ಲೇ ಕೂತೆ. ದಿಂಬು ಎಡಕ್ಕೆ ವಾಲಿಸುತ್ತದೆ.

ಓದು ಶುರುವಾಯಿತು. ಅವಳು ಒಂದೊಂದೇ ಅಕ್ಷರ ಹೇಳುವುದು, ನಾನು ಮೂಲದಲ್ಲಿ ಆ ಪದ ಹುಡುಕಿ “ಸರಿ” ಎನ್ನುವುದು. ಪದದ ಅರ್ಥ ಇಬ್ಬರಿಗೂ ಬೇಕಿಲ್ಲ. ನಡುವೆ “ಇದೇನೇ, ಎರಡು ಚುಕ್ಕಿ, ಮತ್ತೆ ಎರಡು ಚುಕ್ಕಿ, ಇವರಿಗೆ ಬೇರೆ ಕೆಲಸ ಇಲ್ವಾ?” ಎಂದು ಗೊಣಗಿದಳು. ಮೂವತ್ತೆಂಟನೇ ಹಾಳೆಗೆ ಬರುವ ಹೊತ್ತಿಗೆ ಊಟದ ಗಂಟೆ ದಾಟಿತ್ತು.

“ಎ, ಡಿ, ಡಿ, ಆರ್, ಇ, ಎಸ್, ಎಸ್.”

“ಮುಂದೆ ಹೋಗು.”

ಅವಳು ಹೋಗಲಿಲ್ಲ. “ಸರಿ ಅನ್ಲಿಲ್ಲ ನೀನು.”

“ಏನಿಲ್ಲ ಬಿಡು. ಮೂಲದಲ್ಲಿ ಒಂದೇ ಡಿ ಇದೆ. ಅದು ಅವರ ತಪ್ಪು. ನಾನು ತಿದ್ದಿದೀನಿ.”

ಚುಕ್ಕಿಯಕ್ಕ ಹಾಳೆಯಿಂದ ಬೆರಳೆತ್ತಿದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ಸಾಲಿನ ನಡುವೆ ಬೆರಳೆತ್ತಿದ್ದನ್ನು ನಾನು ನೋಡಿಲ್ಲ.

“ಏನ್ ಮಾಡಿದೀಯ?”

“ತಿದ್ದಿದೀನಿ. ಹನ್ನೊಂದು ಕಡೆ. ನಿಂಗೆ ಹೇಳಿದ್ನಲ್ಲ.”

“ಮೂಲದಲ್ಲಿ ತಪ್ಪಿದೆ ಅಂತ ಎಲ್ಲಿ ಹೇಳ್ದೆ? ಟೂಲು ತಪ್ಪು ಮಾಡ್ತು ಅಂದ್ಕೊಂಡೆ ನಾನು. ನಿನ್ನ ಹುದ್ದೆ ಏನೇ?”

“ಮೂಲ ಹಿಡಿಯೋದು.”

“ಮೂಲ ತಿದ್ದೋದಾ?”

ನಾನು ತೆರೆಯ ಮೇಲಿನ ಆ ಒಂದೇ ಡಿಯನ್ನು ನೋಡಿದೆ.

“ಹೋದ ವರ್ಷ ಆ ಪದ್ಯದ ಪುಸ್ತಕದಲ್ಲಿ ‘ಬೆಳುದಿಂಗಳು’ ಅಂತಿತ್ತು. ನಾನು ‘ಬೆಳದಿಂಗಳು’ ಅಂತ ಓದಿದೆ. ಹಾಗೇ ಚೆನ್ನಾಗಿದೆ ಅಂದೆ. ಏನಂದೆ ನೀನು? ನೆನಪಿದೆಯಾ?”

“ಕವಿ ಬರೆದ ಹಾಗೆ ಓದು ಅಂದೆ.”

“ಅಂದೆ ಅಲ್ಲ, ಬೈದೆ. ಈಗ ಕೇಳು. ಡಿಪೋದವರು ಒಂದು ಡಬ್ಬಕ್ಕೆ ಒಂದೇ ಡಿ ಇರೋ ಹೆಸರು ಬರೆದು, ಅದರೊಳಗೆ ವಿಳಾಸ ಇಟ್ಟು ಕಳಿಸ್ತಿದಾರೆ. ನೀನು ಇಲ್ಲಿ ಎರಡು ಡಿ ಇರೋ ಡಬ್ಬ ಹುಡುಕ್ತಾ ಕೂತಿದೀಯ. ಎಲ್ಲಿ ಸಿಗುತ್ತೆ?”

ಅಯ್ಯೋ ದೇವರೇ ಎಂದೆನೋ ಇಲ್ಲವೋ. ಒಂದು ವಾರ, ಆರು ಯಂತ್ರ, ಮುನ್ನೂರ ನಲವತ್ತೆರಡು ಜನ, ಮೇಲೆ ಡಿಪೋಗೆ ಬುದ್ಧಿ ಹೇಳಿ ಸಂದೇಶ ಬೇರೆ. ಮುಖವೆಲ್ಲ ಬಿಸಿಯಾಯಿತು. ಚುಕ್ಕಿಯಕ್ಕ ಮಾತ್ರ ಮೇಜು ಬಡಿದು ಬಡಿದು ನಗುತ್ತಿದ್ದಳು. “ಕಣ್ಣಿರೋರನ್ನ ನಂಬಬಾರ್ದು ಅಂತ ನಮ್ಮಮ್ಮ ಹೇಳ್ತಿದ್ಲು!”

ಹನ್ನೊಂದೂ ಕಡೆ ಒಂದೊಂದು ಡಿ ತೆಗೆದೆ. ಸರಿಯಾಗಿರುವುದನ್ನು ಬೇಕೆಂದೇ ತಪ್ಪು ಮಾಡುವುದು ಬೆರಳಿಗೆ ಎಷ್ಟು ಭಾರ! ಕೊನೆಯದನ್ನು ತೆಗೆಯುವಾಗ ಕಣ್ಣು ಮುಚ್ಚಿಕೊಂಡೆ. ಉಳಿದ ಹಾಳೆಗಳನ್ನೂ ಬಿಡದೆ ಓದಿದೆವು. ಬೇರೆ ತಪ್ಪಿರಲಿಲ್ಲ.

ಆಮೇಲೆ ಚೀಟಿ. ಹೆಸರು, ಪುಸ್ತಕ, ಸಂಪುಟ. ಆಮೇಲೆ ಮನೆ ಸಂಖ್ಯೆ, ಬೀದಿ, ಹಳೆಯ ನೀರಿನ ಟ್ಯಾಂಕಿನ ಹಿಂಭಾಗ, ಎರಡನೇ ಮಹಡಿ. ರೈಲು ತಾತ ಎರಡನೇ ಮಹಡಿಯಲ್ಲಿರುವುದು ಎಂದು ಇವತ್ತು ಗೊತ್ತಾಯಿತು. ನಾನು ಓದುತ್ತಾ ಹೋದೆ, ಚುಕ್ಕಿಯಕ್ಕ ಒಂದೊಂದಕ್ಕೂ “ಸರಿ” ಎನ್ನುತ್ತಾ ಹೋದಳು, ಮೂಲ ಅವಳ ಕೈಯಲ್ಲಿದ್ದ ಹಾಗೆ.

ಅವರು ಈ ಕೋಣೆಯಲ್ಲಿ ದಿನಾ ಇಂಥ ಚೀಟಿಗಳ ನಡುವೆಯೇ ಇದ್ದರು. ಮನೆಗೆ ಬಂದು “ಇವತ್ತು ಎಲ್ಲಾ ಹೋಯ್ತು” ಎನ್ನುತ್ತಿದ್ದರು. ಏನು ಹೋಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.


ಜೂನ್ ೨೪, ಮಂಗಳವಾರ

ಬೆಳಗ್ಗೆ ವ್ಯವಸ್ಥಾಪಕರ ಮೇಜಿನ ಮೇಲೆ ಇಪ್ಪತ್ತು ಚೀಟಿ ಇಟ್ಟೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಒಪ್ಪಿಗೆ ಪತ್ರ ಕವರಿನೊಳಗೆ ಸಿದ್ಧವಾಗಿತ್ತು. ಹರಿದುಹಾಕುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ಕವರು ತೆರೆದು, ಪತ್ರ ತೆಗೆದು, ‘ರದ್ದು’ ಮುದ್ರೆ ಒತ್ತಿ, ಸಂಖ್ಯೆ ಹಾಕಿ, ಕಡತದಲ್ಲಿ ಸೇರಿಸಿದರು. “ಹರಿದ್ರೆ ಇರ್ಲೇ ಇಲ್ಲ ಅಂತಾಗುತ್ತೆ. ಇತ್ತು, ಬೇಡವಾಯ್ತು ಅಂತ ಇರಬೇಕು” ಎಂದರು.

ತಪ್ಪು ನನ್ನದೇ ಆಗಿತ್ತು ಎಂದೂ ಹೇಳಿದೆ. “ಅದಕ್ಕೆ ನಮೂನೆ ಇಲ್ಲ” ಎಂದರು.


ಜೂನ್ ೨೬, ಗುರುವಾರ

ಡಿಪೋದಾಕೆ ರಜೆ ಮುಗಿಸಿ ಬಂದಿದ್ದಾಳೆ. ಸಂಜೆ ಮನೆಗೇ ಫೋನು ಮಾಡಿದಳು. ತಂಗಿಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ.

“ನಿಮ್ಮ ಮೆಸೇಜು ನೋಡಿದೆ. ಸ್ಪೆಲಿಂಗ್ ಸರಿ ಮಾಡ್ಕೊಳ್ಳಿ ಅಂತ.”

ನಾಚಿಕೆಯಿಂದ ಸತ್ತೆ. ಆಗಿದ್ದೆಲ್ಲ ಹೇಳಿದೆ, ಕ್ಷಮಿಸಮ್ಮ ಎಂದೆ.

“ಕ್ಷಮೆ ಎಲ್ಲ ಯಾಕೆ? ಓದಿ ನಗು ಬಂತು, ಆಮೇಲೆ ಅಳು ಬಂತು. ಸರ್ ಮೊದಲ್ನೇ ವರ್ಷವೇ ಇದನ್ನ ಕಂಡುಹಿಡಿದಿದ್ರು. ನಾನು ಹೊಸಬಳು, ಸರಿ ಮಾಡಿಸ್ತೀನಿ ಸರ್ ಅಂದೆ. ಬೇಡಮ್ಮ, ಯಾರೋ ಮೊದಲು ಬರೆದೋರು ಬರೆದುಬಿಟ್ಟಿದಾರೆ, ಈಗ ಎಲ್ಲಾ ಊರಿನ ಮಷೀನುಗಳೂ ಅದೇ ಹೆಸರಲ್ಲಿ ಕೇಳ್ತವೆ, ಒಂದು ಕಡೆ ಮುಟ್ಟಿದ್ರೆ ಎಲ್ಲಾ ನಿಂತ್ಹೋಗುತ್ತೆ ಅಂದ್ರು. ಹೊಸ ಸರ್ವಿಸಲ್ಲೂ ಅದಕ್ಕೇ ಹಾಗೇ ಉಳಿಸ್ಕೊಂಡಿದೀವಿ. ಆದ್ರೆ ಒಂದು ಮಾತು ಹೇಳಿದ್ರು. ಪ್ರತಿ ಸಲ ಹೇಳೋರು.”

“ಏನು?”

“ಇದು ನಮ್ಮನೆಯವಳ ಕಣ್ಣಿಗೆ ಮಾತ್ರ ಬೀಳಬಾರ್ದು. ಬಿದ್ರೆ ಅವಳು ಬಿಡಲ್ಲ ಅಂತ.”

ಹನ್ನೊಂದು ವರ್ಷ! ಊಟದ ಹೊತ್ತಿನಲ್ಲಿ ಎಲ್ಲವನ್ನೂ ಹೇಳುತ್ತಿದ್ದ ಮನುಷ್ಯ, ಒಂದು ಡಿ ಕಡಿಮೆ ಇರುವ ಈ ಪದವನ್ನು ಮಾತ್ರ ಬಚ್ಚಿಟ್ಟುಕೊಂಡು, ಇದೇ ಮೇಜಿನಲ್ಲಿ ನನ್ನ ಎದುರಿಗೇ ಕೂತು ಉಂಡಿದ್ದಾರೆ. ಅವರ ಮುಖದ ಮೇಲೆ ಒಂದು ದಿನವಾದರೂ ಗೊತ್ತಾಗಲಿಲ್ಲವಲ್ಲ. ಅದನ್ನು ನೆನೆಸಿಕೊಂಡು ನಗು ಬಂತು. ತಡೆಯಲು ನೋಡಿದರೆ ಇನ್ನೂ ಜೋರಾಗಿ ಬಂತು. ಕಣ್ಣಲ್ಲಿ ನೀರು ಬಂದು ಫೋನು ಒದ್ದೆಯಾಯಿತು. ಆ ಕಡೆ ಆಕೆಯೂ ನಗುತ್ತಿದ್ದಳು.

ಒಳಗಿನ ಕೋಣೆಯಿಂದ ಅತ್ತೆ ಬಂದರು. “ನೀನಾ? ರೇಡಿಯೊ ಅಂದ್ಕೊಂಡೆ” ಎಂದರು.

ಹೇಳಿದೆ. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು. “ನಂಗೂ ಹೇಳ್ಲಿಲ್ಲ ನೋಡು ಕಳ್ಳ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಇನ್ನೊಂದ್ಸಲ ಹೇಳು” ಎಂದರು. ಇನ್ನೊಂದು ಸಲ ಹೇಳಿದೆ.

ಗುರುತೇ ಇಲ್ಲದ ಊರಿನಲ್ಲಿ ಕೂತ ಒಬ್ಬಾಕೆ ಅವರ ಒಂದು ಮಾತನ್ನು ಇಷ್ಟು ವರ್ಷ ಜೋಪಾನ ಮಾಡಿ ನನಗೆ ತಲುಪಿಸಿದಳು. ಈ ಋಣ ಹೇಗೆ ತೀರಿಸುವುದೋ ತಿಳಿಯದು. ಮಗುವಿಗೆ ಒಂದು ಸ್ವೆಟರ್ ಹೆಣೆಯಬಹುದು. ನೀಲಿ ಉಣ್ಣೆ ಇದೆ, ಅವರಿಗೆಂದು ಶುರುಮಾಡಿ ತೋಳಿಗೆ ನಿಲ್ಲಿಸಿದ್ದು. ಬಿಚ್ಚಿದರೆ ಬೇಕಾದಷ್ಟಾಗುತ್ತದೆ.


ಜೂನ್ ೩೦, ಸೋಮವಾರ

ಸಂಜೆ ಏಳೂವರೆ. ಐದು ಗಂಟೆಗೆ ಹಳೆಯ ಸರ್ವಿಸು ನಿಂತಿತು. ಎಲ್ಲರೂ ರವಾನೆ ಕೋಣೆಯಲ್ಲಿ ಸೇರಿದ್ದರು, ಮುದ್ರಣ ಕೋಣೆಯವರೂ. ವ್ಯವಸ್ಥಾಪಕರು ಗಡಿಯಾರ ನೋಡಿ “ಮುಚ್ಚಿತು” ಎಂದರು. ನಾನು ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಮೊದಲನೇ ಯಂತ್ರದಿಂದ ಚೀಟಿ ಬಂತು, ಆಮೇಲೆ ಎರಡನೆಯದು, ಆಮೇಲೆ ಆರೂ ಒಟ್ಟಿಗೆ. ಒಂದರಲ್ಲೂ ಖಾಲಿ ಜಾಗವಿಲ್ಲ. “ಮಳೆ ಬಂದ ಹಾಗೆ ಕೇಳುತ್ತೆ” ಎಂದಳು ಚುಕ್ಕಿಯಕ್ಕ.

ಎಲ್ಲರೂ ಹೋದ ಮೇಲೆ ಒಂದು ಕಾಗದದಲ್ಲಿ ದಪ್ಪಗೆ ಬರೆದು ಮೊದಲನೇ ಯಂತ್ರಕ್ಕೆ ಅಂಟಿಸಿದೆ: ‘ಅಡ್ರೆಸ್ ಎಂಬಲ್ಲಿ ಒಂದೇ ಡಿ ಇದೆ. ಅದು ತಪ್ಪು ಎಂದು ನಮಗೆ ಗೊತ್ತಿದೆ. ತಿದ್ದಬೇಡಿ.’ ಮುಂದೆ ಯಾರು ಬರುತ್ತಾರೋ, ಅವರೂ ನನ್ನಂಥವರೇ ಆಗಿದ್ದರೆ? ಕೆಳಗೆ ಸಹಿ ಹಾಕಿದೆ. ಚುಕ್ಕಿಯಕ್ಕ ತನ್ನ ಕಡೆಯವರಿಗೂ ಒಂದು ಬೇಕು ಎಂದು ಹಟ ಮಾಡಿ ಬ್ರೈಲ್‌ನಲ್ಲಿ ಒತ್ತಿ ಪಕ್ಕದಲ್ಲೇ ಅಂಟಿಸಿದಳು. ಅದನ್ನು ಅವಳು ಓದಿದಳು, ನಾನು ನನ್ನ ಕಾಗದ ನೋಡಿದೆ. ಸರಿಯಾಗಿತ್ತು.

ಕುರ್ಚಿಯ ದಿಂಬನ್ನು ಕೊಡವಿ, ತಿರುಗಿಸಿ ಹಾಕಿದೆ. ನನಗೆ ಎಡಕ್ಕೆ ವಾಲಿದರೆ ಸೊಂಟ ಹಿಡಿಯುತ್ತದೆ.

ನಾಳೆ ಕಳಿಸಬೇಕಾದದ್ದು ಐವತ್ತೆರಡು ಚೀಲ. ಅಂಚೆ ವ್ಯಾನು ಎಂಟೂವರೆಗೆ ಬರುತ್ತದೆ.